ಮೊದಲು ಬಿಸಿಯೋ, ಮೊದಲು ತೇವವೋ

ಎರಡು ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳನ್ನು ಒಂದೇ ಕೆಲಸಕ್ಕೆ ಹಚ್ಚಿದವರಿಗೆ ದಿನಕ್ಕೊಂದು ರಗಳೆ ತಪ್ಪಿದ್ದಲ್ಲ. ನಾನು ಶಿಡ್ಲಘಟ್ಟದವನು, ಬರೆಯೋದು ಸಿ ಭಾಷೇಲಿ. ಜೊತೆಗಾತಿ ಗೌರಿಬಿದನೂರಿನವಳು, ಪೈಥಾನ್. ಚಿಕ್ಕಬಳ್ಳಾಪುರದ ಒಂದು ರೂಮಿನಲ್ಲಿ ಕೂತು ರೇಷ್ಮೆ ಹುಳದ ಮನೆಗಳಿಗೆ ಮಿಷಿನ್ ಮಾಡ್ತೀವಿ. ಮೊಬೈಲಲ್ಲಿ ಒತ್ತಿದ್ದನ್ನು ಪೈಥಾನ್ ತಗೊಂಡು ಸಿ ಕೈಗೆ ಕೊಡುತ್ತೆ. ಸಿ ಫ್ಯಾನು, ಮೋಟರು ಓಡಿಸುತ್ತೆ. ಮೊದಲ ಗಿರಾಕಿ ಮೇಲೂರಿನ ನಮ್ಮ ದೊಡ್ಡಮ್ಮ. ಬೇರೆ ಯಾರೂ ನಮ್ಮನ್ನು ನಂಬಲಿಲ್ಲ. ದೊಡ್ಡಮ್ಮನ ಬೆಳೆ ಕೆಟ್ಟರೆ ನಮ್ಮ ಅಂಗಡಿಯೂ ಮುಚ್ಚಿದ ಹಾಗೆ.

೧. ಮಂಡಿಕಲ್ಲಿಗೆ ಗಾಳಿ

ದೊಡ್ಡಮ್ಮ ಮೇಲೂರಿನಲ್ಲಿ ಫ್ಯಾನ್ ಗುಂಡಿ ಒತ್ತಿದರೆ, ಮಂಡಿಕಲ್ಲಿನಲ್ಲಿ ನಾವು ಪರೀಕ್ಷೆಗೆ ಇಟ್ಟಿದ್ದ ಮಿಷಿನ್ನಿನ ಫ್ಯಾನ್ ತಿರುಗಿತು. ಪೈಥಾನ್ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಕಳಿಸುವಾಗ ಒಂದೊಂದು ಅಕ್ಷರ ಆದ ಮೇಲೆ ಮೂರು ಸೊನ್ನೆ ಇಡುತ್ತೆ. ನನ್ನ ಸಿ ಸೊನ್ನೆ ಕಂಡ ಕೂಡಲೇ ಹೆಸರು ಮುಗೀತು ಅಂತ ಎದ್ದು ಹೋಗುತ್ತೆ. ಹೀಗಾಗಿ ಮೇಲೂರೂ ಬರೀ ಎಂ, ಮಂಡಿಕಲ್ಲೂ ಬರೀ ಎಂ. ಪಟ್ಟಿಯಲ್ಲಿ ಮಂಡಿಕಲ್ ಮೊದಲಿತ್ತು.

"ಮಂಡಿಕಲ್ಲಿನೋರಿಗೆ ಗಾಳಿ ಬೀಸೋಕೆ ನಾನು ಇಲ್ಲಿ ಗುಂಡಿ ಒತ್ಬೇಕೇನಪ್ಪ?" ಅಂದಳು ದೊಡ್ಡಮ್ಮ.

೨. ಜೆರಾಕ್ಸು

ಹುಳ ದೊಡ್ಡದಾದಂತೆ ಬಿಸಿ ಕಮ್ಮಿ ಬೇಕು. ಪೈಥಾನ್ ಕೊಟ್ಟ ಇಪ್ಪತ್ತೆಂಟು ಡಿಗ್ರಿಯನ್ನು ನನ್ನ ಸಿ ಇಪ್ಪತ್ತೈದಕ್ಕೆ ಇಳಿಸಿತು. ಮೊಬೈಲಲ್ಲಿ ಮಾತ್ರ ಇಪ್ಪತ್ತೆಂಟೇ.

"ನಾನು ನಿಂಗೆ ಕೊಟ್ಟಿದ್ದು ನಕಲು ಕಣೋ. ಅದನ್ನ ತಿದ್ದಿದ್ರೆ ನನ್ನ ಹತ್ರ ಇರೋ ಅಸಲು ಹೆಂಗೆ ಬದಲಾಗುತ್ತೆ?" ಅಂದಳು ಜೊತೆಗಾತಿ.

ಇದನ್ನು ದೊಡ್ಡಮ್ಮನಿಗೆ ಬಿಡಿಸಿ ಹೇಳಲು ಅರ್ಧ ದಿನ ಬೇಕು ಅಂದುಕೊಂಡಿದ್ದೆ. "ಪಹಣಿ ಜೆರಾಕ್ಸಲ್ಲಿ ಹೆಸರು ತಿದ್ದಿದ್ರೆ ತಾಲ್ಲೂಕಾಫೀಸಲ್ಲಿ ತಿದ್ದಿದಂಗಾ? ಇಷ್ಟಕ್ಕೆ ಇಂಜಿನಿಯರಿಂಗ್ ಓದ್ಬೇಕಿತ್ತಾ?" ಅಂದುಬಿಟ್ಟಳು ದೊಡ್ಡಮ್ಮ.

೩. ಎಪ್ಪತ್ತು ಡಿಗ್ರಿ

ಕೊನೆಗೆ ಮಿಷಿನ್ ತಾನೇ ಬಿಸಿ, ತೇವ ನೋಡಿ ನಿರ್ಧಾರ ಮಾಡೋ ಹಾಗೆ ಮಾಡಿದೆವು. ಹುಳ ಗೂಡು ಕಟ್ಟಲು ನಾಲ್ಕೇ ದಿನ. ದೊಡ್ಡಮ್ಮನಿಗೆ ಪೆರೇಸಂದ್ರದಲ್ಲಿ ನೆಂಟರ ಮನೆ ಸೀಮಂತದ ಊಟ. "ಮಿಷಿನ್ ನೋಡ್ಕೊಳ್ಳುತ್ತೆ, ಹೋಗಿ ಬಾ" ಅಂತ ನಾವೇ ಪೀಡಿಸಿ ಕಳಿಸಿದೆವು.

ಮಧ್ಯಾಹ್ನ ಮೊಬೈಲಿಗೆ ಬಂತು: ಬಿಸಿ ಎಪ್ಪತ್ತು ಡಿಗ್ರಿ, ತೇವ ಇಪ್ಪತ್ತೈದು, ತೇವ ಸಾಲದು ಅಂತ ನೀರು ಸಿಂಪಡಿಸೋ ಮೋಟರ್ ಚಾಲೂ. ಎಪ್ಪತ್ತಕ್ಕೆ ಹುಳ ಬೆಂದೇ ಹೋಗುತ್ತೆ. ಆಮೇಲೆ ಹೊಳೆಯಿತು, ಎರಡು ಅಂಕಿ ಅದಲು ಬದಲಾಗಿವೆ. ಜೊತೆಗಾತಿ ತೇವ ಮೊದಲು ಕೊಡ್ತಾಳೆ, ನಾನು ಬಿಸಿ ಮೊದಲು ತಗೋತೀನಿ. ಹುಳದ ಮೇಲೆ ನೀರು ಸಿಡಿದರೆ ರೋಗ ಗ್ಯಾರಂಟಿ. ಬೈಕ್ ಹತ್ತಿ ಮೇಲೂರಿಗೆ ಓಡಿದೆವು. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಹುಳ ಸರಸರ ಸೊಪ್ಪು ತಿನ್ನುತ್ತಿವೆ, ಒಂದು ಹನಿ ನೀರಿಲ್ಲ.

"ಬಿಸಿ ಮೊದಲು ಅಂತ ನಿಂಗೆ ಹೇಳಿದ್ಯಾರು?" ಅಂತ ಜೊತೆಗಾತಿ ರೇಗಿದಳು.

"ದೊಡ್ಡಮ್ಮ."

"ತೇವ ಮೊದಲು ಅಂತ ನಂಗೆ ಹೇಳಿದ್ದೂ ದೊಡ್ಡಮ್ಮನೇ."

ಅಷ್ಟರಲ್ಲಿ ದೊಡ್ಡಮ್ಮ ಆಟೋ ಇಳಿದಳು. "ಹೂಂ, ನಾನೇ. ನೀನು ಕೇಳಿದ್ದು ಚಳಿಗಾಲದಲ್ಲಿ, ಆಗ ಬಿಸಿ ಮೊದಲು ನೋಡ್ಬೇಕು. ಈ ಅಮ್ಮ ಕೇಳಿದ್ದು ಬೇಸಿಗೇಲಿ, ಆಗ ತೇವ ಮೊದಲು. ನೀವಿಬ್ರೂ ಒಂದೇ ರೂಮಲ್ಲಿ ಕೂತು ಒಂದಿನಾನೂ ಮಾತಾಡ್ಕೊಳ್ಲಿಲ್ವಾ?"

ನಾನು ಮಾತು ತಿರುಗಿಸಿದೆ. "ಮತ್ತೆ ಮೋಟರ್ ಯಾಕೆ ಓಡ್ಲಿಲ್ಲ ದೊಡ್ಡಮ್ಮ?"

ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಮೋಟರಿನ ಫ್ಯೂಸು.

"ಊಟ ನೆಮ್ಮದಿಯಾಗಿ ಉಣ್ಬೇಕಲ್ಲಪ್ಪ. ಅದಕ್ಕೆ ಇದನ್ನೂ ಸೀಮಂತಕ್ಕೆ ಕರ್ಕೊಂಡು ಹೋಗಿದ್ದೆ."