ಲೀಟರಿಗೆ ಎಷ್ಟು ಕೊಡುತ್ತೆ?

ಇಂಜಿನ್ನಿನ ವಿಚಾರದಲ್ಲಿ ನನ್ನ ಮಾತೆಂದರೆ ವೇದವಾಕ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿದೆ, ಯಾಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ.

ನಮ್ಮದು ಕ್ರೇನ್ ಲಾರಿ. ಮುಂದೆ ಡ್ರೈವರ್ ಸೀಟು, ಹಿಂದೆ ಸಾಮಾನು ಹೇರುವ ಜಾಗ, ನಡುವೆ ಸೊಂಡಿಲಿನಂತೆ ಮಡಚಿಟ್ಟ ಕ್ರೇನು. ಜನರೇಟರು, ನೀರಿನ ಟ್ಯಾಂಕು, ಕಾರ್ಖಾನೆಯ ಯಂತ್ರ, ಯಾವುದನ್ನು ಎತ್ತಿಡಬೇಕಾದರೂ ಊರವರು ನಮಗೇ ಫೋನು ಮಾಡುತ್ತಾರೆ. ಲಾರಿ ಓಡಿಸುವವನು ನಾನು, ಕ್ರೇನಿನ ಲಿವರ್ ಹಿಡಿಯುವವಳು ನನ್ನ ಹೆಂಡತಿ. ಎತ್ತುವ ಕೆಲಸ ಅವಳದು, ಎತ್ತಿನ ಕೆಲಸ ನನ್ನದು. (ಈ ಜೋಕು ಅವಳದು. ಹಿಡಿಸದಿದ್ದರೆ ಅವಳಿಗೇ ಹೇಳಿ, ನಾನು ಹೇಳಿ ನೋಡಿದ್ದೇನೆ.)

ಲಾರಿಗೆ ವಯಸ್ಸಾಯಿತು. ಏರು ಕಂಡರೆ ಅದು ಕೆಮ್ಮುತ್ತಿತ್ತು, ಇಳಿಜಾರು ಕಂಡರೆ ನಾನು ನಡುಗುತ್ತಿದ್ದೆ. ಹೊಸದು ಕೊಳ್ಳಲೇಬೇಕು ಎಂಬಲ್ಲಿಯವರೆಗೆ ಗಂಡಹೆಂಡಿರದು ಒಂದೇ ಮಾತು. ಅಲ್ಲಿಂದ ಮುಂದೆ ಮಹಾಯುದ್ಧ.

“ದೊಡ್ಡ ಇಂಜಿನ್ನಿಂದೇ ತಗೊಳ್ಳೋಣ ರೀ,” ಎಂದಳು ರಾತ್ರಿ ಊಟಕ್ಕೆ ಬಡಿಸುತ್ತ.

“ದೊಡ್ಡ ಇಂಜಿನ್ ಅಂದ್ರೆ ದೊಡ್ಡ ಹೊಟ್ಟೆ ಕಣೇ. ಡೀಸೆಲ್ ಹಾಕಿ ಹಾಕಿ ಪಾಪರ್ ಆಗೋಗ್ತೀವಿ. ಚಿಕ್ಕದು ಲೀಟರಿಗೆ ಎಷ್ಟು ಕೊಡುತ್ತೆ ಗೊತ್ತಾ ನಿಂಗೆ?”

“ಎಷ್ಟಾದ್ರೂ ಕೊಡ್ಲಿ. ನಮ್ಮ ಗಾಡಿ ಓಡೋದು ಎಷ್ಟು, ನಿಲ್ಲೋದು ಎಷ್ಟು? ಹೋಗೋದು ಪಕ್ಕದ ಬೀದಿಗೆ, ನಿಂತು ಎತ್ತೋದು ಅರ್ಧ ದಿನ. ಕ್ರೇನಿಗೇನು ಬೇರೆ ಇಂಜಿನ್ ಇದ್ಯಾ? ಅದೂ ಇದೇ ಇಂಜಿನ್ನಿಂದ್ಲೇ ತಾನೇ ನಡೆಯೋದು? ಚಿಕ್ಕದಾದ್ರೆ ಎತ್ತುವಾಗೆಲ್ಲ ಅದರ ಜೀವ ಹಿಂಡ್ಬೇಕು. ದೊಡ್ಡದು ಸುಮ್ನೆ ಗುರ್ ಅನ್ಕೊಂಡೇ ಎತ್ತಿಡುತ್ತೆ.”

ನಾನು ಜೋರಾಗಿ ನಕ್ಕೆ. ಪಾಪ, ಅವಳಿಗೇನು ಗೊತ್ತು! “ಗಾಡಿ ನಿಂತಲ್ಲೇ ನಿಂತಿರುವಾಗ ಡೀಸೆಲ್ ಎಲ್ಲಿಗೆ ಹೋಗುತ್ತೆ ಹೇಳು ನೋಡೋಣ?”

“ನೀವು ಕೂತಲ್ಲೇ ಕೂತು ಮೂರು ಸಲ ಬಡಿಸ್ಕೊಂಡ್ರಲ್ಲ, ಅದೆಲ್ಲಿಗೆ ಹೋಯ್ತು?”

ಇಂಥ ಅವೈಜ್ಞಾನಿಕ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ. ಕೈ ತೊಳೆದುಕೊಂಡು ಎದ್ದೆ.

ಮರುದಿನ ನೇರ ಶೋರೂಮಿಗೆ ಹೋಗಿ, ಚಿಕ್ಕ ಇಂಜಿನ್ನಿನ ಕ್ರೇನ್ ಲಾರಿಯೊಂದನ್ನು ಒಂದು ವಾರದ ಮಟ್ಟಿಗೆ ಪರೀಕ್ಷೆಗೆಂದು ಕೇಳಿ ತಂದೆ. ಮನೆಯ ಮುಂದೆ ನಿಲ್ಲಿಸಿ ಹೆಂಡತಿಗೆ ಸವಾಲು ಹಾಕಿದೆ. “ಹಳೇದಕ್ಕಿಂತ ಇದು ಲೀಟರಿಗೆ ಜಾಸ್ತಿ ಕೊಟ್ರೆ ಚಿಕ್ಕದೇ ತಗೊಳ್ಳೋದು. ಇಲ್ಲಾಂದ್ರೆ ನೀನು ಹೇಳಿದ್ದು. ಸೋತವರು ಲಾರಿ ವಿಷಯಕ್ಕೆ ಇನ್ಮೇಲೆ ತುಟಿ ಬಿಚ್ಚೋ ಹಾಗಿಲ್ಲ.”

ಅವಳು ಲಾರಿಯ ಸುತ್ತ ಒಂದು ಸಲ ಬಂದಳು. “ಆಯ್ತು. ಆದ್ರೆ ಪ್ರೆಸ್ಸಿನ ಕೆಲಸ ಈ ವಾರಾನೇ ಇರೋದು. ಅದು ಕೆಟ್ರೆ ಚಿಕ್ಕದೂ ಇಲ್ಲ, ದೊಡ್ಡದೂ ಇಲ್ಲ. ನೆನಪಿರಲಿ.”

ಅವಳು ಹೇಳಿದ್ದು ನಿಜ. ಮುದ್ರಣಾಲಯದ ಮಾಲೀಕರೊಬ್ಬರು ಮಹಡಿಯ ಮೇಲಿದ್ದ ದೊಡ್ಡ ಯಂತ್ರವನ್ನು ಕೆಳಗಿಳಿಸಬೇಕೆಂದಿದ್ದರು. ಊರ ತುಂಬ ಅವರದೇ ಪ್ರೆಸ್ಸುಗಳು. ಈ ಕೆಲಸ ಮನಸ್ಸಿಗೆ ಬಂದರೆ ಮುಂದಿನದೆಲ್ಲ ನಮಗೇ ಎಂದು ಮಾತು ಕೊಟ್ಟಿದ್ದರು. ಆ ಧೈರ್ಯದ ಮೇಲೇ ನಾವು ಹೊಸ ಲಾರಿಯ ಮಾತೆತ್ತಿದ್ದು.

ಮೊದಲೆರಡು ದಿನ ನನ್ನ ಗ್ರಹಗತಿ ಸರಿ ಇರಲಿಲ್ಲ. ಒಂದು ಟ್ಯಾಂಕು ಎತ್ತುವಷ್ಟರಲ್ಲಿ ಆ ಚಿಕ್ಕ ಇಂಜಿನ್ನು ಬೀದಿಯವರೆಲ್ಲ ಕಿಟಕಿ ಮುಚ್ಚುವ ಹಾಗೆ ಅರಚುತ್ತಿತ್ತು. ಮೈಲೇಜು ಲೆಕ್ಕ ಹಾಕಿದರೆ ಹಳೆಯ ಮುದುಕ ಲಾರಿಯೇ ವಾಸಿ! ಹೆಂಡತಿ ಒಂದು ಹಾಡು ಗುನುಗಿದಳು. ಅದು ನನ್ನ ಕರುಳಿಗೆ ನಾಟಿತು.

ಅವತ್ತೇ ನನಗೆ ಜ್ಞಾನೋದಯವಾಯಿತು. ಮೈಲೇಜು ಅಂದರೇನು? ಓಡಿದ ಕಿಲೋಮೀಟರನ್ನು ಸುಟ್ಟ ಲೀಟರಿನಿಂದ ಭಾಗಿಸುವುದು. ನಿಂತು ಎತ್ತುವಾಗ ಲೀಟರು ಏರುತ್ತದೆ, ಕಿಲೋಮೀಟರು ಏರುವುದಿಲ್ಲ. ಹಾಗಾದರೆ ಪರಿಹಾರ ಸುಲಭ: ಕಿಲೋಮೀಟರು ಏರಿಸಬೇಕು! ಹೆಚ್ಚು ಓಡಿಸಿದಷ್ಟೂ ಮೈಲೇಜು ಹೆಚ್ಚು! ಇಷ್ಟು ಸರಳವಾದ ಸಂಗತಿ ಲಾರಿ ಕಂಪನಿಯ ಇಂಜಿನಿಯರುಗಳಿಗೆ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನನಗೆ ಅವರ ಮೇಲೆ ಕನಿಕರವೇ ಬಂತು.

ಅನುಕೂಲವೂ ಕೂಡಿ ಬಂದಿತ್ತು. ಎತ್ತುವಾಗ ವಾಲದಂತೆ ಲಾರಿ ತನ್ನ ಉಕ್ಕಿನ ಕಾಲೂರಲು ನೆಲ ಗಟ್ಟಿ ಇದೆಯೇ, ಮೇಲೆ ಕರೆಂಟು ತಂತಿ ಹಾದಿದೆಯೇ ಎಂದು ನೋಡಲು ಹೆಂಡತಿ ಯಾವಾಗಲೂ ಸ್ಕೂಟರಿನಲ್ಲಿ ಮುಂದೆ ಹೋಗುತ್ತಾಳೆ. ಹಿಂದೆ ಲಾರಿಯಲ್ಲಿ ನಾನೊಬ್ಬನೇ ರಾಜ. ಪಕ್ಕದ ಬೀದಿಯ ಕೆಲಸಕ್ಕೆ ಊರಾಚೆಯ ಹೆದ್ದಾರಿ ಹಿಡಿದು, ಸಂತೋಷವಾಗಿ ಗಾಳಿ ಕುಡಿದು ಬರತೊಡಗಿದೆ.

“ಯಾಕ್ರೀ ಇಷ್ಟೊತ್ತು?”

“ರಸ್ತೆ ಅಗೆದುಬಿಟ್ಟಿದ್ದಾರೆ ಕಣೇ.”

“ಯಾವ ರಸ್ತೆ? ನಾನೂ ಅದ್ರಲ್ಲೇ ಬಂದೆ.”

“ನೀನು ಬಂದ್ಮೇಲೆ ಅಗೆದ್ರು.”

ಅವಳು ಹುಬ್ಬೇರಿಸಿ ನೋಡಿದಳೇ ಹೊರತು ಕೆದಕಲಿಲ್ಲ. ಮೈಲೇಜು ಮಾತ್ರ ದಿನದಿನಕ್ಕೆ ಬಾಳೆಗಿಡದ ಹಾಗೆ ಬೆಳೆಯಿತು. ಹಳೆಯ ಲಾರಿಯನ್ನು ಹಿಂದೆ ಹಾಕಿದೆ. ಗುನುಗುವ ಸರದಿ ಈಗ ನನ್ನದು.

ಪ್ರೆಸ್ಸಿನ ಕೆಲಸದ ದಿನ ಗೆಲುವನ್ನು ಇನ್ನಷ್ಟು ಗಟ್ಟಿ ಮಾಡಿಕೊಳ್ಳೋಣವೆಂದು ಬೆಳಗ್ಗೆಯೇ ಹೊರಟು ಊರಿಗೆ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿದೆ. ಡೀಸೆಲ್ ಮುಳ್ಳು ಕೆಂಪು ಗೆರೆಯ ಹತ್ತಿರ ಇಳಿದಿತ್ತು. ಹೆದರುವ ಪೈಕಿಯೇ ನಾನು? ಪ್ರೆಸ್ಸು ಇಲ್ಲೇ ಕೂಗಳತೆ, ಅಲ್ಲಿಂದ ಮನೆ ಇನ್ನೊಂದು ಕೂಗಳತೆ. ನನ್ನ ಮೈಲೇಜಿನ ಪ್ರಕಾರ ಉಳಿದ ಡೀಸೆಲ್ಲಿನಲ್ಲಿ ಹೋಗಿ ಬಂದು ಮತ್ತೂ ಹೋಗಿ ಬರಬಹುದು. ಬಂಕಿನ ಮುಂದೆ ಹಾರ್ನು ಹೊಡೆದುಕೊಂಡು ಹಾದುಹೋದೆ.

ಮಹಡಿಯ ಗೋಡೆ ಒಡೆದು ದಾರಿ ಮಾಡಿದ್ದರು. ಹೆಂಡತಿ ಯಂತ್ರಕ್ಕೆ ಬೆಲ್ಟು ಬಿಗಿದು, ಕೊಕ್ಕೆ ಸಿಕ್ಕಿಸಿ, ಲಿವರ್ ಹಿಡಿದಳು. ಇಂಜಿನ್ನು ಅರಚಿತು, ಕಪ್ಪು ಹೊಗೆ ಉಗುಳಿತು. ಯಂತ್ರ ಗೋಡೆಯಿಂದ ಹೊರಬಂದು ಗಾಳಿಯಲ್ಲಿ ತೇಲಿತು. ಮಾಲೀಕರು ದೂರದಲ್ಲಿ ನಿಂತು, ಬಿದ್ದರೆ ಹಿಡಿಯುವವರಂತೆ ಎರಡೂ ಕೈ ಚಾಚಿದ್ದರು. ನಾನು ಅವರ ಪಕ್ಕ ನಿಂತು ಚಿಕ್ಕ ಇಂಜಿನ್ನಿನ ದೊಡ್ಡ ಗುಣಗಳನ್ನು ವರ್ಣಿಸುತ್ತಿದ್ದೆ.

ಇಂಜಿನ್ನು ಬಿಕ್ಕಳಿಸಿತು. ಮತ್ತೊಮ್ಮೆ ಬಿಕ್ಕಳಿಸಿತು. ಆಮೇಲೆ ಪೂರ್ತಿ ಮೌನ.

ಯಂತ್ರ ಮಹಡಿಗೂ ನೆಲಕ್ಕೂ ನಡುವೆ ತ್ರಿಶಂಕುವಾಗಿ ನಿಂತಿತು.

“ಅಯ್ಯೋ, ಬೀಳುತ್ತೇನಮ್ಮಾ?” ಎಂದು ಮಾಲೀಕರು ಕಿರುಚಿದರು.

“ಬೀಳಲ್ಲ ಸಾರ್. ಇಂಜಿನ್ ನಿಂತ್ರೂ ಕ್ರೇನು ಹಿಡಿತ ಬಿಡಲ್ಲ. ಕೆಳಗೆ ಮಾತ್ರ ಯಾರೂ ಹೋಗ್ಬೇಡಿ,” ಎಂದ ಹೆಂಡತಿ ನನ್ನ ಕಡೆ ತಿರುಗಿದಳು. “ಏನಾಯ್ತು ರೀ?”

“ಅದು... ಡೀಸೆಲ್ಲು...”

“ಮುಗೀತಾ?”

“ಸ್ವಲ್ಪ ಮುಗೀತು.”

“ಸ್ವಲ್ಪ ಮುಗಿಯೋದು ಅಂದ್ರೆ ಹೇಗೆ?” ಎಂದು ಸ್ಕೂಟರಿನ ಬೀಗದ ಕೈಯನ್ನು ನನ್ನತ್ತ ಎಸೆದಳು. “ಓಡ್ರೀ!”

ನಾನು ಕ್ಯಾನು ಹಿಡಿದು ಬಂಕಿಗೆ ಓಡಿ, ಡೀಸೆಲ್ ತಂದು ಸುರಿದು, ಪೈಪಿನೊಳಗೆ ಸೇರಿದ ಗಾಳಿ ಹೋಗಲೆಂದು ಇಂಜಿನ್ನಿನ ಕೈಪಂಪು ಒತ್ತಿದೆ; ಒತ್ತಿ ಒತ್ತಿ ಹೆಬ್ಬೆರಳು ಬಾತುಕೊಂಡಿತು. ಪುಣ್ಯಕ್ಕೆ ಇಂಜಿನ್ನು ಎದ್ದಿತು. ಹೆಂಡತಿ ಯಂತ್ರವನ್ನು ಮಲಗಿದ ಮಗುವನ್ನು ಇಳಿಸುವಷ್ಟು ನಾಜೂಕಾಗಿ ನೆಲಕ್ಕಿಳಿಸಿದಳು. ಮಾಲೀಕರು ಬೆವರು ಒರೆಸಿಕೊಂಡರು.

“ನಿಮ್ಮ ಕೈಗುಣ ಚೆನ್ನಾಗಿದೆ ತಾಯಿ. ಮುಂದಿನ ಕೆಲಸಗಳೂ ನಿಮಗೇ. ಆದ್ರೆ ಈ ಲಾರಿ ಬೇಡ, ದೊಡ್ಡದು ತನ್ನಿ. ಆ ಡ್ರೈವರನ್ನೂ ಬದಲಾಯಿಸಿಬಿಡಿ.”

“ಲಾರಿ ಬದಲಾಯಿಸ್ತೀನಿ ಸಾರ್,” ಎಂದಳು ಹೆಂಡತಿ ನಿಟ್ಟುಸಿರು ಬಿಟ್ಟು. “ಡ್ರೈವರ್ ಕಂಪನಿ ಫಿಟಿಂಗು. ಬಿಚ್ಚೋಕೆ ಬರಲ್ಲ.”

ಮನೆಗೆ ಬಂದ ಮೇಲೂ ನಾನು ಪಟ್ಟು ಬಿಡಲಿಲ್ಲ. “ಏನೇ ಆಗ್ಲಿ, ಪಂದ್ಯ ಮೈಲೇಜಿಂದು. ಗೆದ್ದೋನು ನಾನೇ.”

“ಹೌದು, ನೀವೇ ಗೆದ್ರಿ. ಲೀಟರಿಗೆ ತುಂಬಾನೇ ಕೊಟ್ಟಿದೆ. ಲೀಟರು ಎಷ್ಟು ಕುಡಿದಿದೆ ಅಂತ ಬಂಕಿನವನನ್ನ ಕೇಳಿದ್ರಾ? ಒಂದು ತಿಂಗಳು ಎತ್ತೋ ಡೀಸೆಲ್ಲನ್ನ ಒಂದು ವಾರ ಊರು ಸುತ್ತಿ ಮುಗಿಸಿದ್ದೀರಾ. ನಿಮ್ಮನ್ನ ಹೆದ್ದಾರೀಲಿ ನೋಡಿ ನಮ್ಮಣ್ಣ ಫೋನ್ ಮಾಡಿ, ‘ಭಾವ ಮನೆ ಬಿಟ್ಟು ಹೋಗ್ತಿದ್ದಾರಾ’ ಅಂತ ಗಾಬರಿಯಾಗಿ ಕೇಳ್ದ.”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ನನ್ನ ನಾಚಿಕೆಯ ಮೈಲೇಜು ಬಹಳ ಕಡಿಮೆ. ದೊಡ್ಡ ಇಂಜಿನ್ನಿನ ಲಾರಿ ತರಲು ಇಬ್ಬರೂ ಶೋರೂಮಿಗೆ ಹೋಗುವ ಹೊತ್ತಿಗೆ ನಾನು ಮೊದಲಿನಂತಾಗಿದ್ದೆ. ಅಲ್ಲಿ ಕ್ರೇನ್ ಲಾರಿ ನೋಡಲು ಬಂದಿದ್ದ ಹೊಸಬನೊಬ್ಬ, “ಇದು ಲೀಟರಿಗೆ ಎಷ್ಟು ಕೊಡುತ್ತೆ ಸಾರ್?” ಎಂದು ನನ್ನನ್ನೇ ಕೇಳಬೇಕೆ!

“ನೋಡಪ್ಪಾ,” ಎಂದು ನಾನು ಎದೆಯುಬ್ಬಿಸಿದೆ. “ನಿಂತು ದುಡಿಯೋ ಗಾಡೀಲಿ ಮೈಲೇಜ್ ನೋಡಬಾರದು. ದೊಡ್ಡ ಇಂಜಿನ್ ನಿಧಾನವಾಗಿ ನಡೆದೇ ಎತ್ತುತ್ತೆ, ಕೆಲಸದ ಲೆಕ್ಕದಲ್ಲಿ ಅದೇ ಉಳಿತಾಯ. ಕ್ರೇನ್ ಲಾರಿಗೆ ಕಿಲೋಮೀಟರ್ ಲೆಕ್ಕ ಹಾಕೋನು ಶುದ್ಧ ಪೆದ್ದ.”

“ಅಂಥೋರೂ ಇರ್ತಾರಾ ಸಾರ್?”

“ಇರ್ತಾರೆ. ಲಕ್ಷಕ್ಕೊಬ್ಬ.”

ಕಾಗದಗಳಿಗೆ ಸಹಿ ಹಾಕುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆಯೇ ಹೇಳಿದಳು: “ಆ ಲಕ್ಷಕ್ಕೊಬ್ಬ ನನಗೇ ಸಿಕ್ಕಿದ್ದು ಅಣ್ಣಾ.”

ಶೋರೂಮಿನವನು ನಗು ನುಂಗಿಕೊಂಡು, ನಾನು ಚಾಚಿದ್ದ ಕೈಯನ್ನು ದಾಟಿಸಿ, ಹೊಸ ಲಾರಿಯ ಬೀಗದ ಕೈಯನ್ನು ಅವಳಿಗೆ ಕೊಟ್ಟ.