ಅತ್ತೆಯ ಎದೆಯುರಿಯೂ ಕೊಯಮತ್ತೂರಿನ ಸರ್ಜನ್ನೂ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೇರ ದಾರಿಯಲ್ಲಿ ಹೋದದ್ದಿಲ್ಲ. ಪಕ್ಕದ ಮನೆಯವರು ಹಲ್ಲು ಕೀಳಿಸಲು ಹೋದರೆ ಹಲ್ಲು ಕೀಳಿಸಿಕೊಂಡು ಬರುತ್ತಾರೆ. ನಾವು ಹೋದರೆ ಅದೊಂದು ಕತೆಯಾಗುತ್ತದೆ. ಅರವತ್ತರ ದಶಕದಲ್ಲಿ ನಮ್ಮತ್ತೆಯ ಎದೆಯುರಿಗೆ ಔಷಧಿ ಹುಡುಕಿ ಹೊರಟಾಗಲೂ ಹಾಗೇ ಆಯಿತು.

ನಾವಿದ್ದದ್ದು ನೀಲಗಿರಿಯಲ್ಲಿ, ಕೂನೂರಿನ ಹತ್ತಿರದ ಹುಬ್ಬತಲೈನಲ್ಲಿ. ಯಜಮಾನರು ಟೀ ಫ್ಯಾಕ್ಟರಿಯಲ್ಲಿ ಗುಮಾಸ್ತರು. ಟೀ ತೋಟ, ಉರುಳೆಗಡ್ಡೆ ಹೊಲ, ನಾನು, ಮೂರನ್ನೂ ಅತ್ತೆ ಒಬ್ಬರೇ ಆಳುತ್ತಿದ್ದರು. ಆ ವರ್ಷ ಕಳೆ ಕೀಳಲು ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ನುಗ್ಗಿ, ಎದೆ ಹಿಡಿದುಕೊಂಡು ಹೊಲದಲ್ಲೇ ಕೂತುಬಿಡುತ್ತಿದ್ದರು. ಕೂನೂರಿನ ಡಾಕ್ಟರು ನೋಡಿ, "ಹೊಟ್ಟೆಯ ಬಾಯಿ ಸಡಿಲವಾಗಿರಬೇಕು. ಆಪರೇಷನ್ ಬೇಕೋ ಬೇಡವೋ ಕೊಯಮತ್ತೂರಿನ ಸರ್ಜನ್ ಹೇಳಲಿ. ಅಲ್ಲಿಯತನಕ ನಾನು ಹೇಳಿದ ಹಾಗೆ ಇರಿ" ಎಂದರು.

ಆಪರೇಷನ್ ಎಂದದ್ದೇ ಯಜಮಾನರ ಮುಖ ಬಿಳಿಚಿಕೊಂಡಿತು. ಅತ್ತೆ ಮಾತ್ರ, "ಕೊಯ್ಯಲಿ ಬಿಡು, ನನ್ನ ಹೊಟ್ಟೆ ತಾನೆ" ಎಂದರು. ಹೊಟ್ಟೆ ಕೊಯ್ಯಿಸಿಕೊಳ್ಳಲು ಅವರು ಸಿದ್ಧರಿದ್ದರು. ಡಾಕ್ಟರು ಹೇಳಿದ ಹಾಗೆ ಇರಲು ಮಾತ್ರ ಸಿದ್ಧರಿರಲಿಲ್ಲ.

ಇಟ್ಟಿಗೆ

ಮೊದಲ ಆಜ್ಞೆ, ಮಂಚದ ತಲೆಯ ಕಡೆ ಇಟ್ಟಿಗೆ ಇಟ್ಟು ಎತ್ತರಿಸಬೇಕು. ತಲೆ ಮೇಲಿದ್ದರೆ ಹುಳಿ ಕೆಳಗಿರುತ್ತದೆ. ಕಿಟಕಿಯ ಪಕ್ಕ ನೆಲ ಅಂಕುಡೊಂಕು ಎಂದು ಯಜಮಾನರು ಮಂಚವನ್ನು ಇನ್ನೊಂದು ಗೋಡೆಗೆ ತಿರುಗಿಸಿ, ಬೆವರು ಸುರಿಸಿ ಇಟ್ಟಿಗೆ ಕೂರಿಸಿದರು.

ಬೆಳಿಗ್ಗೆ ನಾನು ಎದ್ದು ಹೋಗಿ ನೋಡುತ್ತೇನೆ, ಅತ್ತೆಯ ಕಾಲು ಎತ್ತರದಲ್ಲಿ, ತಲೆ ಪಾತಾಳದಲ್ಲಿ! ಮುಖ ಕೆಂಪಗೆ ಊದಿಕೊಂಡಿದೆ.

"ಇದೇನತ್ತೆ, ತಿರುಗಾಮುರುಗಾ ಮಲಗಿದ್ದೀರಿ?"

"ನಿನ್ನ ಗಂಡ ಎತ್ತರ ಮಾಡಿದ್ದು ಉತ್ತರದ ಕಡೆ. ಉತ್ತರಕ್ಕೆ ತಲೆ ಹಾಕಿ ಮಲಗಿಸಿ ನನ್ನನ್ನು ಸಾಯಿಸಬೇಕು ಅಂತಿದ್ದೀರಾ?" ಎಂದು ಎದ್ದು ಕೂತು, ಎದೆ ಉಜ್ಜಿಕೊಂಡು ಕೂಗಿದರು, "ಆ ಡಾಕ್ಟರಿಗೆ ಹೇಳು. ಇಟ್ಟಿಗೆ ವೈದ್ಯ ನನ್ನ ಮೈಗೆ ಒಗ್ಗಲಿಲ್ಲ!"

ಬಂದವರ ಟೀ

ಎರಡನೆಯದು, ಟೀ ಕುಡಿಯಬಾರದು. ಟೀ ಎಲೆ ಕಿತ್ತು ಬದುಕುವ ಊರಲ್ಲಿ ಇದನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ. ಆಪರೇಷನ್ ಸುದ್ದಿ ಹಬ್ಬಿದ್ದೇ ತಡ, ಇಡೀ ಹಟ್ಟಿಯ ಹೆಂಗಸರು ಸಾಲಾಗಿ ಅತ್ತೆಯನ್ನು ನೋಡಲು ಬಂದರು. ಕೆಲವರು ಕಣ್ಣೀರು ಹಾಕಿದರು. ಒಬ್ಬಾಕೆಯಂತೂ, "ನೀನು ಇದ್ದಾಗ ಎಷ್ಟು ಚೆನ್ನಾಗಿತ್ತು" ಎಂದು ಅತ್ತೆಯ ಮುಂದೆಯೇ ಅತ್ತಳು.

ಬಂದವರಿಗೆ ಬೆಲ್ಲದ ಕಪ್ಪು ಟೀ ಕೊಡದೆ ಕಳಿಸುವ ಹಾಗಿಲ್ಲ. ನಾನು ಒಳಗೆ ಟೀ ಕಾಯಿಸಿ ತರುವುದು, ಅತ್ತೆ ತಮಗೂ ಒಂದು ಲೋಟ ಎತ್ತಿಕೊಳ್ಳುವುದು. ಮಧ್ಯಾಹ್ನದ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು.

"ಅತ್ತೆ, ಡಾಕ್ಟರು ಟೀ ಬೇಡ ಅಂದಿಲ್ಲವಾ?"

"ನಾನೆಲ್ಲಿ ಕುಡೀತಿದ್ದೀನಿ?" ಎಂದು ಲೋಟ ಬರಿದು ಮಾಡಿ ಕೆಳಗಿಟ್ಟರು. "ಅವರು ಕುಡೀವಾಗ ಜೊತೆಗೆ ಕೂತಿದ್ದೀನಿ, ಅಷ್ಟೆ."

ಹೊಟ್ಟೆಯ ಫೋಟೋ

ಸರ್ಜನ್‌ಗೆ ತೋರಿಸಲು ಎಕ್ಸ್‌ರೇ ಬೇಕಿತ್ತು. ಅದಕ್ಕೆ ಮೊದಲು ಬಿಳಿಯ ಗಂಜಿಯಂಥ ಬೇರಿಯಂ ಕುಡಿಯಬೇಕು. ಅತ್ತೆ ಮೂಸಿ ನೋಡಿ, "ಇದು ಗೋಡೆಗೆ ಬಳಿಯುವ ಸುಣ್ಣ" ಎಂದರು. ಅಂತೂ ಕುಡಿಸಿದೆವು.

ಮುಂದಿನ ಜಗಳ ಕುತ್ತಿಗೆಯದು. ಎಕ್ಸ್‌ರೇಯವನು ಎಲ್ಲ ತೆಗೆಯಿರಿ ಎಂದ. ಸರ ತೆಗೆದರು. ಲಿಂಗದ ಗುಂಡನೆಯ ಬೆಳ್ಳಿ ಕರಡಿಗೆ ತೆಗೆಯಲು ಸುತರಾಂ ಒಪ್ಪಲಿಲ್ಲ. ಮೈಮೇಲಿನ ಲಿಂಗ ಬಿಟ್ಟಿರುವುದುಂಟೆ? ಕೊನೆಗೆ, ಅದನ್ನು ಭುಜದ ಮೇಲೆ ಸರಿಸಿ ಹಿಡಿದುಕೊಳ್ಳಿ ಎಂದು ರಾಜಿಯಾಯಿತು. ಆದರೆ ಆ ಯಂತ್ರ ಗುರ್ ಎಂದದ್ದೇ, ಅತ್ತೆ ಹೆದರಿ ಕರಡಿಗೆಯನ್ನು ಎದೆಗವಚಿಕೊಂಡರು.

ಕೂನೂರಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬೆಚ್ಚಿಬಿದ್ದರು. "ಏನಮ್ಮಾ ಇದು? ಇಡೀ ಮೊಟ್ಟೆ ನುಂಗಿದ್ದಾರಾ?"

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ಮೊಟ್ಟೆಯಾ! ನಮ್ಮ ವಂಶದಲ್ಲೇ ಯಾರೂ ಮುಟ್ಟಿಲ್ಲ. ಬೇಕಾದರೆ ಇನ್ನೊಂದು ಫೋಟೋ ತೆಗೆದು ನೋಡಿ!"

ತೆಗೆಯಲೇಬೇಕಾಯಿತು. ಇನ್ನೊಂದು ಲೋಟ ಸುಣ್ಣವನ್ನೂ ಕುಡಿಯಬೇಕಾಯಿತು.

ರೋಗಿ ಯಾರು

ಕೊಯಮತ್ತೂರಿಗೆ ಹೊರಟ ದಿನ ಯಜಮಾನರಿಗೆ ರಜೆ ಸಿಗಲಿಲ್ಲ. ನಾನೇ ಕರೆದುಕೊಂಡು ಹೋದೆ. ಘಾಟಿಯ ಒಂದೊಂದು ತಿರುವಿಗೂ ನಾನು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಿದ್ದೆ. ಅತ್ತೆ ಮದುವೆಗೆ ಹೊರಟವರ ಹಾಗೆ ನೆಟ್ಟಗೆ ಕೂತಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಮಾತ್ರ ನನ್ನ ಕೈಹಿಡಿದರು. ಅವರ ಕೈ ತಣ್ಣಗಿತ್ತು. ಇಷ್ಟು ದಿನದ ಜಂಬವೆಲ್ಲ ಹೆದರಿಕೆ ಎಂದು ಆಗ ಹೊಳೆದು ನನಗೆ ಅಯ್ಯೋ ಎನ್ನಿಸಿತು.

ಆದರೆ ಅದೂ ಹೆಚ್ಚು ಹೊತ್ತು ಉಳಿಯಲಿಲ್ಲ. "ಒಳಗೆ ನಾನು ಬಾಯಿ ಬಿಡೋದಿಲ್ಲ. ದೊಡ್ಡ ಡಾಕ್ಟರ್ ಅಲ್ಲವಾ, ಅವನೇ ಕಂಡುಹಿಡೀಲಿ" ಎಂದರು.

ಸರ್ಜನ್ ತಮಿಳಿನಲ್ಲಿ ಏನು ತೊಂದರೆ ಎಂದು ಕೇಳಿದರು. ಅತ್ತೆ ಗೋಡೆ ನೋಡಿದರು. ವಿಧಿಯಿಲ್ಲದೆ ನಾನೇ ಶುರುಮಾಡಿದೆ. ಎದೆಯಲ್ಲಿ ಹೀಗೆ ಉರಿ, ಗಂಟಲಿಗೆ ಹೀಗೆ ಹುಳಿ, ಬಗ್ಗಿದರೆ ಹೀಗೆ ಸಂಕಟ ಎಂದು ಕೈಕಾಲು ಆಡಿಸಿ, ಬಗ್ಗಿ ಎದ್ದು ತೋರಿಸಿದೆ. ನನ್ನ ಜೋಲುಮುಖ, ಕೆದರಿದ ತಲೆ ನೋಡಿ ಸರ್ಜನ್‌ಗೆ ಮರುಕವಾಯಿತು. ನರ್ಸಿಗೆ ಸನ್ನೆ ಮಾಡಿದರು. ನಾನು ಬೇಡ ಬೇಡ ಎನ್ನುವುದರೊಳಗೆ ಆಕೆ ನನ್ನನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು.

"ನಾನಲ್ಲ, ಅವರು!" ಎಂದು ಚೀರಿದೆ.

"ಅವರು ಚೆನ್ನಾಗಿದ್ದಾರಲ್ಲಮ್ಮ?"

ನಾನು ಇಳಿದೆ, ಅತ್ತೆ ಹತ್ತಿದರು. ಸರ್ಜನ್ ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ನೋಡಿ, "ಈಗ ಕತ್ತರಿ ಹಾಕುವಂಥದ್ದೇನಿಲ್ಲ. ಔಷಧಿ, ಪಥ್ಯ ಸಾಕು. ಊರಿಗೆ ಹೋಗಬಹುದು" ಎಂದರು. ನನಗೆ ಸಮಾಧಾನಕ್ಕೆ ಕಣ್ಣಲ್ಲಿ ನೀರು ಬಂತು.

ಅತ್ತೆ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಆ ಕೋಣೆಯಲ್ಲಿ ಮೊಟ್ಟಮೊದಲ ಸಲ ಬಾಯಿ ತೆರೆದರು.

"ನನಗೆ ಬೇಡವಾ ಸಾಮಿ? ಹಾಗಾದರೆ ಇವಳಿಗಾದರೂ ಮಾಡಿಬಿಡಿ. ಇಷ್ಟು ದೂರ ಬಂದು ಸುಮ್ಮನೆ ಯಾಕೆ ಹೋಗೋದು?"