ಭಾವನ ಗುರುತಿಲ್ಲದ ಬೀಗ

ನಮ್ಮ ಭಾವನವರಿಗೆ ಈ ಲೋಕದಲ್ಲಿ ಮನುಷ್ಯರ ಮೇಲೆ ಒಂದಿಷ್ಟೂ ಸಂಶಯವಿಲ್ಲ. ಅವರ ಸಂಶಯವೆಲ್ಲ ಬಾಗಿಲುಗಳ ಮೇಲೆ! ಪ್ಲಾಟ್‌ಫಾರಂನಲ್ಲಿ ಪಕ್ಕದಲ್ಲಿ ನಿಂತ ಅಪರಿಚಿತನ ಕೈಗೆ ತಮ್ಮ ಚೀಲ ಕೊಟ್ಟು ನೀರು ಕುಡಿದು ಬರಲು ಹೋಗುತ್ತಾರೆ. ಆದರೆ ತಾವೇ ಕೈಯಾರೆ ಹಾಕಿದ ಬೀಗವನ್ನು ಎರಡು ನಿಮಿಷ ನಂಬಿ ಎಂದರೆ ಅದು ಮಾತ್ರ ಆಗದು.

ಭಾವ ಎಂದರೆ ನಮ್ಮವರ ಅಣ್ಣ. ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ಪುರುಸೊತ್ತು ಸಿಗಲಿಲ್ಲ" ಎನ್ನುತ್ತಾರೆ. ಉಡುಪಿ ಕಡೆಯಿಂದ ಚಿಕ್ಕ ಪ್ರಾಯದಲ್ಲಿ ಠಾಣೆ ಊರಿಗೆ ಬಂದು, ಕಳವಾ ಎಂಬಲ್ಲಿ ಒಂದು ಕೋಣೆಯಲ್ಲಿ ಇದ್ದುಕೊಂಡು, ಮಾಜಿವಾಡಾದಲ್ಲಿ ಸಣ್ಣದೊಂದು ಹೋಟೆಲು ನಡೆಸಿದವರು. ಗಲ್ಲಾದಲ್ಲಿ ಕೂತು ನಡೆಸಿದವರಲ್ಲ, ದೋಸೆಕಾವಲಿಯ ಮುಂದೆ ನಿಂತು ನಡೆಸಿದವರು. ಮಂಡಿ ಕೈಕೊಟ್ಟ ಮೇಲೆ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಏಳು ವರ್ಷದಿಂದ ಸಾನಪಾಡಾದ ನಮ್ಮ ಫ್ಲ್ಯಾಟಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಮನೆಯಲ್ಲೊಬ್ಬ ಹಿರಿಯರು, ಅದೂ ದಿನಾ ಬೆಳಿಗ್ಗೆ ತೆಂಗಿನಕಾಯಿ ತುರಿದುಕೊಡುವ ಹಿರಿಯರು! ದೇವರು ನನಗೆ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನಾನು ದೀಪ ಹಚ್ಚುವಾಗ ಎಣಿಸುವುದುಂಟು. ಅದರಲ್ಲಿ ಇದು ಮೊದಲ ಐದರೊಳಗೇ ಬರುತ್ತದೆ.

ಹೋಟೆಲಿನ ಕಾಲದಿಂದ ಅವರಿಗೊಂದು ಕ್ರಮ. ಶಟರ್ ಎಳೆದು ಬೀಗ ಹಾಕಬೇಕು, ಮೂರು ಸಲ ಜಗ್ಗಬೇಕು, "ಕೃಷ್ಣಾ" ಎನ್ನಬೇಕು, ಚಾವಿಯನ್ನು ತಂದು ದೇವರ ಪಟದ ಮುಂದೆ ಇಡಬೇಕು. ಈಗ ಹೋಟೆಲಿಲ್ಲ, ಶಟರಿಲ್ಲ. ಜಗ್ಗುವುದೊಂದು ಉಳಿದುಕೊಂಡಿದೆ. ಡೊಂಬಿವಲಿಯಲ್ಲಿ ನೆಂಟರ ಮನೆಯ ಮುಂಜಿಗೆ ಹೊರಟ ದಿನ ನಮ್ಮನ್ನೆಲ್ಲ ಸ್ಟೇಷನ್ನಿನಲ್ಲಿ ನಿಲ್ಲಿಸಿ ಎರಡು ಸಲ ಬೀಗ ನೋಡಲು ಹಿಂದೆ ಹೋದರು. ಎರಡನೆಯ ಸಲ ಎಷ್ಟು ಜೋರಾಗಿ ಜಗ್ಗಿದರೆಂದರೆ ಬೀಗದ ಜೊತೆ ಚಿಲಕವೇ ಕಿತ್ತು ಕೈಗೆ ಬಂತು! ತೆರೆದ ಮನೆ ಬಿಟ್ಟು ಹೋಗುವುದುಂಟೆ? ನಾವು ಮುಂಜಿ ಮುಗಿಸಿ, ಊಟ ಮಾಡಿ, ಅವರಿಗಾಗಿ ಹೋಳಿಗೆ ಕಟ್ಟಿಸಿಕೊಂಡು ಬಂದಾಗ ಅವರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಿದ್ದರು. ಪಶ್ಚಾತ್ತಾಪವೇನಾದರೂ ಇತ್ತೇ?

"ನೋಡಿದೆಯಾ ಮಾರಾಯ್ತಿ, ನಾನು ಜಗ್ಗಿದ್ದಕ್ಕೆ ಗೊತ್ತಾಯಿತು ಅದು ಗಟ್ಟಿ ಇಲ್ಲ ಅಂತ."

ಬೀಗದ ವಿಷಯದಲ್ಲಿ ಇಷ್ಟು ಅಧಿಕಾರ ಚಲಾಯಿಸುವ ಇವರು ನಮ್ಮ ಮನೆಯ ಚಾವಿಯನ್ನು ಮಾತ್ರ ಒಂದು ದಿನವೂ ಜೇಬಿಗೆ ಹಾಕಿಕೊಂಡವರಲ್ಲ. ಬೆಳಗಿನ ವಾಕಿಂಗ್ ಮುಗಿಸಿ, ಹಾಲು ಹೂವು ತೆಗೆದುಕೊಂಡು ಬಂದು ಬೆಲ್ ಒತ್ತುತ್ತಾರೆ. ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ, ಪಾರ್ಸೆಲ್ ಕೊಡಲು ಬಂದವರ ಹಾಗೆ ನಿಲ್ಲುತ್ತಾರೆ. ನಾನು ಸ್ನಾನದಲ್ಲಿದ್ದರೆ ಹದಿನೈದು ನಿಮಿಷ ನಿಂತದ್ದೂ ಉಂಟು, ಎರಡನೆಯ ಸಲ ಬೆಲ್ ಒತ್ತದೆ! ಒಂದು ಚಾವಿ ನಿಮ್ಮ ಹತ್ತಿರ ಇರಲಿ ಭಾವ ಎಂದು ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಒಂದೇ ಉತ್ತರ. "ಬೇಡ, ಎಲ್ಲಿಯಾದರೂ ಕಳೆದರೆ ನಿಮಗೆ ಉಪದ್ರ." ನಮಗೆ ಉಪದ್ರ! ಮನೆ ನಿಮ್ಮದು, ನಾನು ಬಂದವನು ಎಂದು ಬಾಯಿಬಿಟ್ಟು ಹೇಳದೆ ಹೇಳುವ ರೀತಿ ಅದು. ನನಗೆ ಅದು ಊಟಕ್ಕೆ ಕೂತಾಗ ಸಿಕ್ಕಿದ ಕಲ್ಲಿನ ಹಾಗೆ ಆಗುತ್ತಿತ್ತು.

ಹೀಗಿರುವಾಗ ನಮ್ಮ ಸೊಸೈಟಿಯ ಗೇಟಿಗೆ ಕರೆಂಟಿನ ಬೀಗ ಬಂತು. ವಾಚ್‌ಮನ್ ತನ್ನ ಕ್ಯಾಬಿನ್ನಿನಲ್ಲಿ ಕೂತಲ್ಲೇ ಗುಂಡಿ ಒತ್ತಿದರೆ ಗೇಟು 'ಠಕ್' ಎಂದು ಬಿಟ್ಟುಕೊಳ್ಳುತ್ತದೆ. ಭಾವ ಅದನ್ನು ನೋಡಿದ್ದೇ ನೋಡಿದ್ದು, ಮೂರು ದಿನ ಮನೆಯಲ್ಲಿ ಬೇರೆ ಮಾತಿಲ್ಲ. ಆ ವಾಚ್‌ಮನ್ನಿನಿಂದ ಎಷ್ಟು ಸಲ ಗುಂಡಿ ಒತ್ತಿಸಿದರೆಂದರೆ, ಇವರು ಲಿಫ್ಟಿನಿಂದ ಇಳಿಯುವುದು ಕಂಡರೆ ಸಾಕು, ಅವನು ಕೇಳದೆಯೇ ಒತ್ತತೊಡಗಿದ.

ನಾಲ್ಕನೆಯ ದಿನ, ನಮ್ಮ ಮನೆಗೂ ಅಂಥದ್ದೇ ಬೇಕೆಂದು, ಠಾಣೆ ಪೇಟೆಯ ಬೀಗದ ಅಂಗಡಿಗೆ ನಮ್ಮವರನ್ನು ಎಳೆದುಕೊಂಡು ಹೋದರು. ಅಂಗಡಿಯವನು ಇದರಲ್ಲಿ ಎರಡು ಜಾತಿ ಎಂದನಂತೆ. ಒಂದು, ಕರೆಂಟು ಹೋದರೆ ಹಾಕಿಕೊಂಡೇ ಇರುವುದು. ಇನ್ನೊಂದು, ಅಯಸ್ಕಾಂತದ್ದು. ಕರೆಂಟು ಇರುವಷ್ಟು ಹೊತ್ತು ಆನೆ ಎಳೆದರೂ ಬರದು, ಕರೆಂಟು ಹೋದರೆ ತಾನೇ ಬಿಟ್ಟುಕೊಳ್ಳುತ್ತದೆ. ಭಾವನಿಗೆ ತಲೆ ಕೆಟ್ಟಿತು. ತೆರೆದುಕೊಳ್ಳುವ ಬೀಗವನ್ನು ಯಾರಾದರೂ ದುಡ್ಡು ಕೊಟ್ಟು ತರುತ್ತಾರೆಯೇ? ಬೆಂಕಿಗಿಂಕಿ ಹತ್ತಿದರೆ ಒಳಗಿದ್ದವರು ಹೊರಗೆ ಬರುವುದು ಬೇಡವೇ ಎಂದು ಅಂಗಡಿಯವನು ಕೇಳಿದನಂತೆ. ಇವರು ವಾರವಿಡೀ ಯೋಚಿಸಿ, ಕೊನೆಗೆ ನನ್ನನ್ನು ಕೇಳಿದರು. ದಿನವಿಡೀ ಗ್ಯಾಸ್ ಒಲೆಯ ಮುಂದೆ ಇರುವವಳು ನಾನು, ಬಿಟ್ಟುಕೊಳ್ಳುವುದೇ ಇರಲಿ ಎಂದೆ. ಅದಕ್ಕೆ ಒಪ್ಪಿದರು. ಆದರೆ ಮನಸ್ಸು ತಡೆಯದೆ ಅದಕ್ಕೊಂದು ಬ್ಯಾಟರಿಯನ್ನೂ ಹಾಕಿಸಿದರು, ಕರೆಂಟು ಹೋದರೂ ಹಿಡಿದುಕೊಂಡೇ ಇರುವ ಹಾಗೆ!

ಬಾಗಿಲ ಹೊರಗೆ ಬೆರಳಿಡಲು ಒಂದು ಪುಟ್ಟ ಪೆಟ್ಟಿಗೆ, ಒಳಗೆ ಒತ್ತಲು ಒಂದು ಗುಂಡಿ. ಮರಾಠಿ ಮೆಕ್ಯಾನಿಕ್ ಒಬ್ಬೊಬ್ಬರನ್ನೇ ಕರೆದು ಬೆರಳು ಇಡಿಸಿದ. ನಮ್ಮವರದು ಬಂತು, ನನ್ನದು ಬಂತು, ಮಗಳದ್ದು ಬಂತು, ಪಾತ್ರೆ ತೊಳೆಯುವ ಕೆಲಸದವಳದ್ದೂ ಬಂತು. ನನಗೆ ಒಳಗೊಳಗೇ ಸಂತೋಷ. ಇನ್ನು ಭಾವನಿಗೆ ಚಾವಿ ಕಳೆಯುವ ನೆಪವಿಲ್ಲವಲ್ಲ, ಬೆರಳನ್ನು ಯಾರಾದರೂ ಕಳೆದುಕೊಳ್ಳುತ್ತಾರೆಯೇ!

ಭಾವ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಹೆಬ್ಬೆರಳು ಇಟ್ಟರು. ಕೆಂಪು ದೀಪ. ಪೆಟ್ಟಿಗೆಯೊಳಗಿನ ಹೆಂಗಸು "ಪ್ಲೀಸ್ ಟ್ರೈ ಅಗೇನ್" ಎಂದಳು. ಹೆಣ್ಣುಮಗಳ ದನಿ ಕೇಳಿ ಭಾವ ಮರ್ಯಾದೆಯಿಂದ ಸ್ವಲ್ಪ ಬಗ್ಗಿ "ಇನ್ನೊಮ್ಮೆ ನೋಡಿ ಅಮ್ಮ" ಎಂದು ಮತ್ತೆ ಇಟ್ಟರು. ಮತ್ತೆ ಕೆಂಪು. ತೋರುಬೆರಳು ಇಟ್ಟರೂ ಅಷ್ಟೆ. ಮೆಕ್ಯಾನಿಕ್ ಅವರ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

"ಕಾಕಾ, ಆಪ್ ಕಾ ಅಂಗೂಠಾ ತೋ ಪೂರಾ ಘಿಸ್ ಗಯಾ ಹೈ."

ಹೆಬ್ಬೆರಳು ಪೂರ್ತಿ ಸವೆದುಹೋಗಿದೆ! ನಾನೂ ನೋಡಿದೆ. ಒಂದು ಗೆರೆಯಿಲ್ಲ. ಕಾವಲಿಯ ಬಿಸಿಗೆ, ತುರಿಮಣೆಗೆ, ಈಳಿಗೆಮಣೆಗೆ, ನಲವತ್ತು ವರ್ಷ ಆಲೂಗಡ್ಡೆ ಸುಲಿದದ್ದಕ್ಕೆ ಎಲ್ಲ ನುಣುಪಾಗಿ, ಹೊಳೆಯ ಕಲ್ಲಿನ ಹಾಗೆ. ಮೆಕ್ಯಾನಿಕ್ ಅವರಿಗೊಂದು ಪ್ಲಾಸ್ಟಿಕ್ ಕಾರ್ಡು ಕೊಟ್ಟ, ಪೆಟ್ಟಿಗೆಗೆ ತೋರಿಸಿದರೆ ಬಾಗಿಲು ತೆರೆಯುತ್ತದೆ ಎಂದ. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನೆಟ್ಟಗೆ ಒಳಗೆ ಹೋಗಿ, ಹಳೆಯ ಕ್ರಮದಂತೆ ಕೃಷ್ಣನ ಪಟದ ಮುಂದೆ ಇಟ್ಟುಬಿಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಬೆಲ್ಲು, ಮತ್ತೆ ಚಪ್ಪಲಿ ಸ್ಟ್ಯಾಂಡು!

ತಾನೇ ತಂದ ಬೀಗಕ್ಕೆ ತನ್ನ ಗುರುತೇ ಇಲ್ಲ ಎನ್ನುವುದು ಅವರನ್ನು ನೋಯಿಸಿತ್ತು, ನನಗೆ ಗೊತ್ತು. ಯಾಕೆಂದರೆ ಆ ದಿನದಿಂದ ಹೆಬ್ಬೆರಳಿಗೆ ಉಪಚಾರ ಶುರುವಾಯಿತು. ಬೆಳಿಗ್ಗೆ ತುಪ್ಪ, ಸಂಜೆ ಎಳ್ಳೆಣ್ಣೆ. ಗೆರೆ ಮೂಡುವವರೆಗೆ ತೆಂಗಿನಕಾಯಿ ಮುಟ್ಟುವುದಿಲ್ಲ ಎಂದು ವ್ರತ! ನಷ್ಟ ಯಾರಿಗೆ? ನನಗೆ! ವಾರಕ್ಕೊಮ್ಮೆ ಯಾರೂ ನೋಡದಾಗ ಹೊರಗೆ ಹೋಗಿ ಪರೀಕ್ಷೆ. ಐದು ಸಲ ತಪ್ಪಿದರೆ ಪೆಟ್ಟಿಗೆ ಕಿರುಚಲು ಹಿಡಿಯುತ್ತದೆ, ಎದುರು ಮನೆಯವರು ಬಾಗಿಲು ತೆರೆದು ಇಣುಕುತ್ತಾರೆ. ಮಗಳು ನಗು ತಡೆದುಕೊಂಡು "ದೊಡ್ಡಪ್ಪಾ, ಇರಲಿ ಬಿಡಿ, ರೆಹೆನೆ ದೋ ನಾ" ಎಂದು ಒಳಗೆ ಕರೆದುಕೊಂಡು ಬರುತ್ತಾಳೆ.

ಅಷ್ಟರಲ್ಲಿ ನವರಾತ್ರಿ ಬಂತು, ಆಯುಧಪೂಜೆ ಬಂತು. ಹೋಟೆಲಿನಲ್ಲಿ ಗ್ರೈಂಡರಿಗೆ, ಕಾವಲಿಗೆ ಪೂಜೆ ಮಾಡಿದ ಕೈ ಸುಮ್ಮನಿರುತ್ತದೆಯೇ? ಬೀಗಕ್ಕೆ ಪೂಜೆಯಾಗದ್ದರಿಂದಲೇ ಅದು ತನ್ನನ್ನು ಗುರುತಿಸುತ್ತಿಲ್ಲ ಎಂದು ಅವರಿಗೆ ಹೊಳೆದುಬಿಟ್ಟಿತು. ಅಡಿಗೆಯಾಗಿತ್ತು, ಒಲೆ ಆರಿಸಿದ್ದೆ (ಅದೊಂದು ದೇವರ ದಯೆ), ದೇವರ ಮುಂದೆ ನೈವೇದ್ಯಕ್ಕೆ ಪಾಯಸ ಇಟ್ಟಿದ್ದೆ. ಭಾವ ನಮ್ಮನ್ನೆಲ್ಲ ಹೊರಗೆ ಕರೆದರು. ಪೆಟ್ಟಿಗೆಯ ಮುಖ ಹೊರಗಿರುವುದರಿಂದ ಪೂಜೆ ಹೊರಗಿನಿಂದಲೇ ಆಗಬೇಕು. ಬೀಗ ಕೆಲಸದಲ್ಲಿರುವಾಗಲೇ ಆಗಬೇಕು, ಆದ್ದರಿಂದ ಬಾಗಿಲು ಮುಚ್ಚಿರಬೇಕು. 'ಠಕ್'.

ಮೊದಲು ಮಾವಿನೆಲೆಯಿಂದ ತೀರ್ಥ ಚಿಮುಕಿಸಿದರು. ಆಮೇಲೆ ಗಂಧ. ಎಲ್ಲಿಗೆ? ಹಣೆಗೆ ಇಡುವ ಹಾಗೆ ಸರಿಯಾಗಿ ನಡುಮಧ್ಯಕ್ಕೆ, ಬೆರಳಿಡುವ ಗಾಜಿಗೆ! ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಸೇವಂತಿಗೆ. ಆರತಿ ಎತ್ತಿದರು. ನಾವೆಲ್ಲ ಭಕ್ತಿಯಿಂದ ಕೈ ಮುಗಿದೆವು. ಆಮೇಲೆ ನಮ್ಮವರು ಬೆರಳಿಟ್ಟರು. ಕೆಂಪು. ನಾನಿಟ್ಟೆ, ಕೆಂಪು. ಮಗಳಿಟ್ಟಳು, ಕೆಂಪು. ಸೀರೆಯ ಸೆರಗಿನಿಂದ ಒರೆಸಿದಷ್ಟೂ ಗಂಧ ಇನ್ನಷ್ಟು ಹರಡಿತು. ಆ ದಿನ ನಾವೆಲ್ಲರೂ ಭಾವನಷ್ಟೇ ಅಪರಿಚಿತರಾದೆವು!

ಕಾರ್ಡು? ಅದು ಒಳಗೆ, ಕೃಷ್ಣನ ವಶದಲ್ಲಿ. ನಮ್ಮವರು ಓಡಿಹೋಗಿ ಕೆಳಗಿನ ಮೀಟರ್ ರೂಮಿನಲ್ಲಿ ನಮ್ಮ ಮನೆಯ ಕರೆಂಟು ತೆಗೆದು ಬಂದರು. ಅಯಸ್ಕಾಂತ ಬಿಡಬೇಕಲ್ಲ? ಬಿಡಲಿಲ್ಲ. ಭಾವ ಹಠ ಹಿಡಿದು ಹಾಕಿಸಿದ ಬ್ಯಾಟರಿ! ನಮ್ಮವರು ಭುಜ ಕೊಟ್ಟು ನೂಕಿದರು, ಎಳೆದರು. ಭಾವ ತಪ್ಪಿತಸ್ಥರ ಹಾಗೆ ಗೋಡೆಗೊರಗಿ ನಿಂತಿದ್ದರು. ಆದರೂ ಅವರ ಮುಖದ ಒಂದು ಮೂಲೆಯಲ್ಲಿ ಒಂದಿಷ್ಟು ಅಭಿಮಾನ ಕಂಡಿತು ನನಗೆ.

"ಗಟ್ಟಿ ಉಂಟು, ಅಲ್ಲವಾ?" ಎಂದು ಮೆಲ್ಲಗೆ ಕೇಳಿದರು.

ಮೆಕ್ಯಾನಿಕ್‌ಗೆ ಫೋನು ಹೋಯಿತು. ಅವನು ಕಳವಾ ಕಡೆಯಿಂದ ಬರುವವರೆಗೆ ಎಲ್ಲರೂ ಮೆಟ್ಟಿಲ ಮೇಲೆ ಕೂತೆವು, ರೇಷ್ಮೆ ಸೀರೆ ಉಟ್ಟುಕೊಂಡು! ದೇವರು ಒಳಗೆ, ಭಕ್ತರು ಹೊರಗೆ. ಉಡುಪಿಯವರಿಗೆ ಕೃಷ್ಣನನ್ನು ಕಿಂಡಿಯಿಂದ ನೋಡಿ ಅಭ್ಯಾಸ ನೋಡಿ, ಭಾವ ಬಾಗಿಲ ಸಣ್ಣ ಗಾಜಿನ ಕಣ್ಣಿಗೆ ತಮ್ಮ ಕಣ್ಣಿಟ್ಟು ಒಳಗೆ ಇಣುಕಿದರು. ದೀಪ ಉರಿಯುತ್ತಿದೆ ಎಂದರು. ನಮ್ಮವರು ಬೆವರು ಒರೆಸಿಕೊಂಡು ಹೇಳಿದರು.

"ಚಿಂತೆ ಬೇಡ ಅಣ್ಣ. ನೈವೇದ್ಯ ಇಟ್ಟ ಮೇಲೆ ಬಾಗಿಲು ಮುಚ್ಚುವುದು ಕ್ರಮವೇ. ದೇವರು ನಿಧಾನಕ್ಕೆ ಉಣ್ಣಲಿ."

ಭಾವನೂ ನಕ್ಕುಬಿಟ್ಟರು.

ಮೆಕ್ಯಾನಿಕ್ ಬಂದ. ಪೆಟ್ಟಿಗೆಯ ಮೇಲಿನ ಕುಂಕುಮ ನೋಡಿ ಮೊದಲು ನಮಸ್ಕಾರ ಮಾಡಿದ, ಆಮೇಲೆ ಸ್ಕ್ರೂಡ್ರೈವರ್ ತೆಗೆದ. ಎರಡು ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಎಳೆದು, ಹಿಂದಿನ ಎರಡು ತಂತಿ ಒಂದಕ್ಕೊಂದು ಮುಟ್ಟಿಸಿದ. 'ಠಕ್'. ಬಾಗಿಲು ತೆರೆಯಿತು. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ! ಭಾವನ ಮುಖ ನೋಡಬೇಕಿತ್ತು. ಹಾಗಾದರೆ ಕಳ್ಳನೂ ಹೀಗೆಯೇ ಬರಬಹುದಲ್ಲ ಎಂದು ಅವರು ಹಿಂದಿಯಲ್ಲಿ ತೊದಲಿದರು.

"ಚೋರ್ ಕೋ ಮಾಲೂಮ್ ನಹೀ ಹೋತಾ, ಕಾಕಾ" ಎಂದ ಆ ಪುಣ್ಯಾತ್ಮ. ಕಳ್ಳನಿಗೆ ಗೊತ್ತಿರುವುದಿಲ್ಲವಂತೆ!

ಭಾವ ಬಿಡುತ್ತಾರೆಯೇ? ಆ ತಂತಿಗಳನ್ನೆಲ್ಲ ಬಾಗಿಲ ಒಳಬದಿಗೆ ಹಾಕಿಸುವವರೆಗೆ ಅವನಿಗೆ ಪಾಯಸ ಕೊಡಲು ಬಿಡಲಿಲ್ಲ. ಪೆಟ್ಟಿಗೆಯೂ ಹೊಸದು ಬಂತು. ಎಲ್ಲರ ಬೆರಳೂ ಮತ್ತೆ ಮೊದಲಿನಿಂದ ಇಡಬೇಕಾಯಿತು. ಭಾವ ಎದ್ದು ಒಳಗೆ ಹೋಗಲು ನೋಡಿದರು. ನಾನು ಪಾಯಸದ ಬಟ್ಟಲು ಹಿಡಿದುಕೊಂಡೇ ಅಡ್ಡ ನಿಂತೆ. ಹತ್ತೂ ಬೆರಳು ನೋಡಿ, ಒಂದೂ ಬಿಡಬೇಡಿ ಎಂದು ಮೆಕ್ಯಾನಿಕ್‌ಗೆ ಹೇಳಿದೆ. ಬಲಗೈಯ ಐದಕ್ಕೂ ಕೆಂಪು. ಎಡಗೈಯ ನಾಲ್ಕಕ್ಕೂ ಕೆಂಪು. ಕೊನೆಗೆ ಉಳಿದದ್ದು ಎಡಗೈಯ ಕಿರುಬೆರಳು. ಹಸಿರು!

ಬಿಸಿಗೂ ಈಳಿಗೆಗೂ ಸಿಗದೆ ಅದೊಂದು ಹೇಗೋ ಉಳಿದುಕೊಂಡಿತ್ತು. ಆದರೆ ಭಾವನಿಗೆ ಸಮಾಧಾನವಿಲ್ಲ. ಎಡಗೈಯಲ್ಲಿ ಮನೆಬಾಗಿಲು ಮುಟ್ಟುವುದು ಎಲ್ಲಿಯಾದರೂ ಉಂಟಾ ಎಂದರು. ನಾನು ಓದಿದವಳಲ್ಲ, ಆದರೆ ದಿನಾ ಆ ಪಟದ ಮುಂದೆ ದೀಪ ಹಚ್ಚುವವಳು.

"ಗೋವರ್ಧನ ಬೆಟ್ಟ ಎತ್ತಿದ್ದು ಯಾವ ಬೆರಳಲ್ಲಿ ಭಾವ?"

ಅವರು ತಮ್ಮ ಕಿರುಬೆರಳನ್ನು ನೋಡಿಕೊಂಡರು.

ನೋಡಿಕೊಂಡರು, ಆದರೆ ಆ ಬೆರಳನ್ನು ಬಾಗಿಲಿಗೆ ಇಡಲಿಲ್ಲ. ಮರುದಿನದಿಂದ ಮತ್ತೆ ಅದೇ ಬೆಲ್ಲು, ಅದೇ ಎರಡು ಹೆಜ್ಜೆ ಹಿಂದೆ. ತನ್ನ ಒಂದು ಬೆರಳಾದರೂ ಈ ಬಾಗಿಲಿಗೆ ಗೊತ್ತು ಎಂದು ತಿಳಿದದ್ದೇ ಅವರಿಗೆ ಸಾಕಾಗಿತ್ತೋ ಏನೋ. ನಾನೂ ಹೇಳುವುದು ಬಿಟ್ಟೆ.

ಮೊನ್ನೆ ನನಗೆ ಜ್ವರ ಬಂತು. ನಮ್ಮವರು ಆಫೀಸಿಗೆ, ಮಗಳು ಕಾಲೇಜಿಗೆ ಹೋಗಿದ್ದರು. ಭಾವ ವಾಕಿಂಗಿಗೆ. ಇನ್ನೇನು ಬೆಲ್ ಆಗುತ್ತದೆ, ಏಳಬೇಕು ಎಂದುಕೊಂಡು ಹೊದಿಕೆಯೊಳಗೆ ಕಾಯುತ್ತಾ ಮಲಗಿದ್ದೆ. ಲಿಫ್ಟಿನ ಬಾಗಿಲು ಕೇಳಿಸಿತು. ಚಪ್ಪಲಿ ಬಿಟ್ಟದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅವರು ಅಲ್ಲಿ ಬೆಲ್ಲಿನ ಮುಂದೆ ನಿಂತು ಏನು ಲೆಕ್ಕ ಹಾಕುತ್ತಿದ್ದರೋ ದೇವರಿಗೇ ಗೊತ್ತು.

'ಠಕ್'.

ಹಾಲಿನ ಚೀಲ ಅಡಿಗೆಕಟ್ಟೆಯ ಮೇಲೆ ಕೂತ ಸದ್ದು. ನನ್ನ ಕೋಣೆಯ ಪರದೆಯ ಆಚೆಯಿಂದ ಅವರ ದನಿ.

"ನಾನೇ. ಏಳಬೇಡ, ಗಂಜಿ ಇಡುತ್ತೇನೆ."

ಸ್ವಲ್ಪ ಹೊತ್ತಿಗೆ ತುರಿಮಣೆಯ ಸದ್ದು ಶುರುವಾಯಿತು, ಗಂಜಿಗೆ ಚಟ್ನಿ ಮಾಡಲು. ಎಷ್ಟು ತಿಂಗಳಾಗಿತ್ತು ಆ ಸದ್ದು ಕೇಳಿ! ಹೆಬ್ಬೆರಳಿನ ವ್ರತ ಮುಗಿದಿತ್ತು. ನಾನು ಕಣ್ಣು ಮುಚ್ಚಿಕೊಂಡು ಆ ದಿನದ ಉಪಕಾರಗಳನ್ನು ಎಣಿಸಲು ಹೊರಟೆ. ಮೊದಲನೆಯದರಿಂದ ಮುಂದೆ ಹೋಗಲಾಗಲಿಲ್ಲ.